ನೀರಿನ ಲೆಕ್ಕ, ಬಸ್ಸಿನ ಲೆಕ್ಕ: ಕೇಳಬೇಕಾದವರು ಯಾರು?

ಕಲಬುರಗಿಯ ಬೇಸಿಗೆಯಲ್ಲಿ ಎರಡು ಬಗೆಯ ಸಾಲುಗಳು ಕಣ್ಣಿಗೆ ಬೀಳುತ್ತವೆ. ಒಂದು, ನಗರದ ಅಂಚಿನ ಬಡಾವಣೆಗಳಲ್ಲಿ ಟ್ಯಾಂಕರ್ ಬರುವ ದಾರಿಯುದ್ದಕ್ಕೂ ಇಟ್ಟ ಕೊಡಗಳ ಸಾಲು. ಇನ್ನೊಂದು, ಕಮಲಾಪುರದಂಥ ತಾಲೂಕು ಕೇಂದ್ರಗಳಲ್ಲಿ ಬಸ್ಸಿಗಾಗಿ ಬಿಸಿಲಿಗೆ ಮುಖವೊಡ್ಡಿ ನಿಂತವರ ಸಾಲು. ಮೊದಲನೆಯದರಲ್ಲಿ ಹೆಂಗಸರು ಮತ್ತು ಶಾಲೆ ತಪ್ಪಿಸಿಕೊಂಡ ಹುಡುಗಿಯರು. ಎರಡನೆಯದರಲ್ಲಿ ಕಾಲೇಜಿಗೆ ಹೊರಟ ಮಕ್ಕಳು, ಜಿಲ್ಲಾಸ್ಪತ್ರೆಗೆ ಹೊರಟ ಬಸುರಿಯರು, ಕೆಂಪು ಬಾಳೆಯ ಗೊನೆಯನ್ನು ಪೇಟೆಗೆ ಮುಟ್ಟಿಸಬೇಕಾದ ರೈತರು. ಈ ಎರಡೂ ಸಾಲುಗಳನ್ನು ನಾವು ಪ್ರಕೃತಿಯ ಮುನಿಸು ಎಂದೋ ಹಣೆಬರಹ ಎಂದೋ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಮಳೆ ಕೊಡುವುದು, ಬಿಡುವುದು ಅಲ್ಲಾಹನ ಕೈಯಲ್ಲಿದೆ. ಕೊಳವೆ ಹಾಕುವುದು ಮತ್ತು ಬಸ್ ಬಿಡುವುದು ಸರಕಾರದ ಕೈಯಲ್ಲಿದೆ. ಎರಡನ್ನೂ ಒಂದೇ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ತವಕ್ಕುಲ್ ಅಲ್ಲ, ಸೋಮಾರಿತನ.

ಹಿಂದುಳಿದ ಪ್ರದೇಶ ಎಂಬ ಮಾತು ಬಂದಾಗಲೆಲ್ಲ ನಮಗೆ ನಾಯಕರಿಲ್ಲ, ನಮ್ಮ ಪರವಾಗಿ ಮಾತಾಡುವವರಿಲ್ಲ ಎಂಬ ದೂರು ಕೇಳಿಬರುತ್ತದೆ. ಕಲಬುರಗಿಯ ಮಟ್ಟಿಗೆ ಈ ದೂರು ಪೂರ್ತಿ ಸುಳ್ಳು. ಈ ಜಿಲ್ಲೆ ರಾಜ್ಯಕ್ಕೆ ವೀರೇಂದ್ರ ಪಾಟೀಲ್ ಮತ್ತು ಧರಂ ಸಿಂಗ್ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ನೀಡಿದೆ. ದೇಶಕ್ಕೆ ರೈಲ್ವೆ ಮಂತ್ರಿಯನ್ನು ನೀಡಿದೆ. ನಮ್ಮದೇ ಸಮುದಾಯದ ಖಮರುಲ್ ಇಸ್ಲಾಂ ಅವರು 2013ರಿಂದ 2016ರವರೆಗೆ ರಾಜ್ಯದ ಪೌರಾಡಳಿತ ಮಂತ್ರಿಯಾಗಿದ್ದರು. ಹಾಗಿದ್ದೂ ನಗರದ ಹಲವು ಬಡಾವಣೆಗಳಲ್ಲಿ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಆದ್ದರಿಂದ ಕೊರತೆ ಇರುವುದು ನಾಯಕರದ್ದಲ್ಲ. ಮಂಜೂರಾದ ಹಣ ಎಲ್ಲಿ ಹೋಯಿತು, ಎಷ್ಟು ಬಂತು, ಎಷ್ಟು ದಿನಕ್ಕೆ ಬಂತು ಎಂದು ವರ್ಷ ವರ್ಷವೂ ಬೆನ್ನುಹತ್ತಿ ಕೇಳುವ ಪರಿಪಾಠದ ಕೊರತೆಯಿದೆ.

ಮೊದಲು ರೈಲಿನ ವಿಷಯವನ್ನೇ ನೋಡೋಣ. ಬೀದರ್-ಕಲಬುರಗಿ ರೈಲು ಮಾರ್ಗದ ಉದ್ದ 110 ಕಿಲೋಮೀಟರ್. ಕಮಲಾಪುರ ಈ ಮಾರ್ಗದ ಮೇಲಿರುವ ಊರು. ಈ ಮಾರ್ಗ ಮಂಜೂರಾದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಆಗಿನ ಅಂದಾಜು ವೆಚ್ಚ ಸುಮಾರು 370 ಕೋಟಿ ರೂಪಾಯಿ. ಪ್ರಧಾನಿ ನರೇಂದ್ರ ಮೋದಿಯವರು ಬೀದರ್‌ನಲ್ಲಿ ಅದನ್ನು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟು ಹೊತ್ತಿಗೆ ವೆಚ್ಚ 1,500 ಕೋಟಿಯನ್ನು ದಾಟಿತ್ತು. ಅಂದರೆ ಇಪ್ಪತ್ತು ವರ್ಷ ಮತ್ತು ನಾಲ್ಕು ಪಟ್ಟು ಹಣ. ಮಂಜೂರಾತಿಯ ಸುದ್ದಿ ಕೇಳಿ ಸಿಹಿ ಹಂಚಿದವರ ಮಕ್ಕಳು ದೊಡ್ಡವರಾಗಿ ಮೊದಲ ರೈಲು ಹತ್ತಿದರು. ಈ ಇಪ್ಪತ್ತು ವರ್ಷಗಳಲ್ಲಿ ದಿಲ್ಲಿಯಲ್ಲಿ ಬೇರೆ ಬೇರೆ ಪಕ್ಷಗಳ ಸರಕಾರಗಳು ಬಂದು ಹೋದವು. ಎಲ್ಲರೂ ಪ್ರತಿ ಬಜೆಟಿನಲ್ಲಿ ಒಂದಿಷ್ಟು ಚಿಲ್ಲರೆ ಹಣ ಇಟ್ಟರು. ಕಾಮಗಾರಿ ಸಾಯಲೂ ಇಲ್ಲ, ಬದುಕಲೂ ಇಲ್ಲ. ತಡವಾದುದಕ್ಕೆ ತೆತ್ತ ಹೆಚ್ಚುವರಿ ಹಣ ಯಾರ ಜೇಬಿನದು? ಅದರಲ್ಲಿ ರಾಜ್ಯದ ಪಾಲೂ ಇತ್ತು. ಅಂದರೆ ಕಮಲಾಪುರದ ರೈತ ಬೆಂಕಿಪೆಟ್ಟಿಗೆ ಕೊಂಡಾಗ ಕೊಟ್ಟ ತೆರಿಗೆಯೂ ಇತ್ತು.

ಇದು ನಮ್ಮ ಒಂದೇ ಮಾರ್ಗದ ಕಥೆಯಲ್ಲ. ಪತ್ರಿಕೆಗಳು ಸಿಎಜಿ ಎಂದು ಕರೆಯುವ ಮಹಾಲೇಖಪಾಲರು 2015ರಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ 442 ರೈಲ್ವೆ ಯೋಜನೆಗಳು ಮುಗಿಯದೆ ಕುಂಟುತ್ತಿರುವುದನ್ನೂ, ವಿಳಂಬದಿಂದಾಗಿ ವೆಚ್ಚ 1.07 ಲಕ್ಷ ಕೋಟಿ ರೂಪಾಯಿಯಷ್ಟು ಏರಿರುವುದನ್ನೂ ತೋರಿಸಿದ್ದರು. ಇನ್ನು ರೈಲ್ವೆ ವಿಭಾಗದ ಮಾತು. 2014ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ ಗುಲ್ಬರ್ಗಾಕ್ಕೆ ಪ್ರತ್ಯೇಕ ರೈಲ್ವೆ ವಿಭಾಗದ ಭರವಸೆ ಸಿಕ್ಕಿತು, ಶಂಕುಸ್ಥಾಪನೆಯೂ ನಡೆಯಿತು. ಆ ಬಳಿಕ ನಗರದ ಹೆಸರು ಬದಲಾಗಿ ಕಲಬುರಗಿಯಾಯಿತು, ಸರಕಾರಗಳು ಬದಲಾದವು, 2025ರ ಜನವರಿಯಲ್ಲಿ ಜಮ್ಮುವಿಗೆ ಹೊಸ ರೈಲ್ವೆ ವಿಭಾಗ ಬಂತು. ನಮ್ಮ ಶಂಕುಸ್ಥಾಪನೆಯ ಕಲ್ಲು ಮಾತ್ರ ಕಲ್ಲಾಗಿಯೇ ಉಳಿಯಿತು. ಒಬ್ಬ ಮಂತ್ರಿ ಮಾತು ಕೊಟ್ಟು ಇನ್ನೊಬ್ಬ ಮಂತ್ರಿ ಮರೆತರೆ, ನೆನಪಿಸಬೇಕಾದದ್ದು ಸದನ. ಸದನವೂ ಮರೆತರೆ ನೆನಪಿಸಬೇಕಾದವರು ಯಾರು ಎಂಬುದೇ ಇಂದಿನ ಪ್ರಶ್ನೆ.

ನೀರಿನ ಕಥೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಕಲಬುರಗಿ ನಗರ ಭೀಮಾ ನದಿಯ ಸರಡಗಿ ಬ್ಯಾರೇಜ್ ಮತ್ತು ಬೆಣ್ಣೆತೊರಾ ಜಲಾಶಯವನ್ನು ನಂಬಿ ನೀರು ಕುಡಿಯುತ್ತಿದೆ. ಭೀಮಾ ನದಿಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜ್ಜನಿ ಅಣೆಕಟ್ಟು ಇದೆ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ನೀರು ಬಿಡದಿದ್ದರೆ ಇಲ್ಲಿ ನದಿಯ ಮರಳು ಕಾಣುತ್ತದೆ. ಆದರೆ ಮಳೆ ಚೆನ್ನಾಗಿ ಸುರಿದ ವರ್ಷವೂ ನಳದಲ್ಲಿ ನೀರು ದಿನಾ ಬಂದ ಉದಾಹರಣೆ ಬಹುಪಾಲು ಬಡಾವಣೆಗಳಿಗೆ ಗೊತ್ತಿಲ್ಲ. ಕಾರಣ, ನದಿಯಲ್ಲಿ ನೀರಿರುವುದು ಒಂದು ವಿಷಯ; ಆ ನೀರು ಸೋರದೆ, ಕೆಡದೆ, ಎಲ್ಲರಿಗೂ ಸಮನಾಗಿ ಮನೆ ತಲಪುವುದು ಇನ್ನೊಂದು ವಿಷಯ. ಎರಡನೆಯದು ಹಣದ, ಕೆಲಸದ ಮತ್ತು ಉಸ್ತುವಾರಿಯ ವಿಷಯ.

2004ರಲ್ಲಿ ವಿಶ್ವಬ್ಯಾಂಕ್ 3.95 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಕರ್ನಾಟಕ ನಗರ ನೀರು ಸರಬರಾಜು ಸುಧಾರಣಾ ಯೋಜನೆಯ ಹೆಸರಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಆರಂಭವಾಯಿತು. 2008ರ ಹೊತ್ತಿಗೆ ಆ ವಾರ್ಡುಗಳಲ್ಲಿ ನೀರು ಬಂತು. ಅದರ ವ್ಯಾಪ್ತಿಗೆ ಬಂದವರು ಈ ನಗರಗಳ ಹತ್ತರಲ್ಲಿ ಒಂದು ಪಾಲು ಜನ. ಪ್ರಯೋಗ ಯಶಸ್ವಿಯಾಯಿತು ಎಂದು ಸರಕಾರವೇ ಹೇಳಿಕೊಂಡಿತು. ಯಶಸ್ವಿಯಾದ ಮೇಲೆ ಉಳಿದ ಒಂಬತ್ತು ಪಾಲು ಜನರಿಗೆ ಅದನ್ನು ವಿಸ್ತರಿಸುವುದು ಸಹಜ ಕ್ರಮ. ಆದರೆ ಅದಕ್ಕಾಗಿ ವಿಶ್ವಬ್ಯಾಂಕಿನ ಮುಂದಿನ ಸಾಲ, 10 ಕೋಟಿ ಡಾಲರ್, ಮಂಜೂರಾಗಲು 2016 ಬರಬೇಕಾಯಿತು. ಇಡೀ ನಗರದ ಕಾಮಗಾರಿಯ ಗುತ್ತಿಗೆ ಅದಕ್ಕೂ ಹಲವು ವರ್ಷ ತಡವಾಗಿ ಆಯಿತು. ಒಂದೇ ನಗರದಲ್ಲಿ, ಒಂದೇ ನದಿಯ ನೀರಿಗೆ, ರಸ್ತೆಯ ಈಚೆ ಬದಿಯವರು ನಳ ತಿರುಗಿಸಿದಾಗ ನೀರು ಪಡೆಯುವುದು, ಆಚೆ ಬದಿಯವರು ಟ್ಯಾಂಕರಿನ ದಾರಿ ಕಾಯುವುದು, ಅದೂ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ! ಕಾಯುವವರಲ್ಲಿ ಬಡವರೇ ಹೆಚ್ಚು ಎಂದು ಬೇರೆ ಹೇಳಬೇಕಿಲ್ಲ. ಅವರೇ ಒಂದು ಟ್ಯಾಂಕರಿಗೆ ಕೈಯಿಂದ ನೂರಾರು ರೂಪಾಯಿ ಕೊಡುವವರು. ನೀರಿಗೆ ದುಬಾರಿ ಬೆಲೆ ತೆರುತ್ತಿರುವವರು ಬಂಗಲೆಯವರಲ್ಲ, ಗುಡಿಸಲಿನವರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸಾಲ ಕೊಟ್ಟ ವಿಶ್ವಬ್ಯಾಂಕ್ ತನ್ನ ಹಣದ ಮೇಲೆ ಕಣ್ಣಿಟ್ಟಿರುತ್ತದೆ. ಅದರ ಅಧಿಕಾರಿಗಳು ಕಾಲಕಾಲಕ್ಕೆ ಬಂದು ಕೆಲಸ ನೋಡುತ್ತಾರೆ, ಎಷ್ಟು ಕೊಳವೆ ಹಾಕಿದಿರಿ, ಎಷ್ಟು ಮನೆಗೆ ಮೀಟರ್ ಇಟ್ಟಿರಿ ಎಂದು ಕೇಳುತ್ತಾರೆ, ವರದಿ ಬರೆದು ಪ್ರಕಟಿಸುತ್ತಾರೆ. ಸಾಲ ಕೊಟ್ಟವರು ಲೆಕ್ಕ ಕೇಳುತ್ತಾರೆ, ಸರಿ. ಆದರೆ ಆ ಸಾಲವನ್ನು ಬಡ್ಡಿ ಸಹಿತ ತೀರಿಸಬೇಕಾದವರು ನಾವು. ನಾವು ಕೇಳಿದ್ದೇವೆಯೇ? ನಮ್ಮ ಪರವಾಗಿ ಕೇಳಲೆಂದೇ ನಾವು ಆರಿಸಿ ಕಳಿಸಿದವರು ಕೇಳಿದ್ದಾರೆಯೇ?

ಸಂಸತ್ತು ಇರುವುದು ಭಾಷಣಕ್ಕಾಗಿ ಮಾತ್ರ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಟಿವಿಯಲ್ಲಿ ಕಾಣುವ ಗದ್ದಲವೇ ಸಂಸತ್ತು ಎಂದು ನಾವು ತಿಳಿದಿದ್ದೇವೆ. ನಿಜವಾಗಿ, ಸಂವಿಧಾನ ಸಂಸತ್ತಿಗೆ ಒಪ್ಪಿಸಿರುವ ದೊಡ್ಡ ಹೊಣೆ ಸಾರ್ವಜನಿಕ ಹಣದ ಕಾವಲು. ಸದನದ ಒಪ್ಪಿಗೆಯಿಲ್ಲದೆ ಸರಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡುವಂತಿಲ್ಲ. ಖರ್ಚಾದ ಮೇಲೆ ಮಹಾಲೇಖಪಾಲರು ತಪಾಸಣೆ ಮಾಡಿ ವರದಿ ಸಲ್ಲಿಸುತ್ತಾರೆ. ಸಂವಿಧಾನದ 151ನೇ ವಿಧಿಯ ಪ್ರಕಾರ ಆ ವರದಿ ಸದನದ ಮುಂದೆ ಬರಲೇಬೇಕು. ಅದನ್ನು ಪರಿಶೀಲಿಸಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಲೋಕಸಭೆಯ 15 ಮತ್ತು ರಾಜ್ಯಸಭೆಯ 7, ಒಟ್ಟು 22 ಸದಸ್ಯರ ಈ ಸಮಿತಿಗೆ 1967ರಿಂದೀಚೆಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ಸಂಪ್ರದಾಯ. ಮಂತ್ರಾಲಯದ ಅತಿ ದೊಡ್ಡ ಅಧಿಕಾರಿಯನ್ನು ಕರೆಸಿ ಕೂರಿಸಿ ಪ್ರಶ್ನೆ ಕೇಳುವ ಅಧಿಕಾರ ಇದಕ್ಕಿದೆ. ರೈಲ್ವೆಗೆ, ಜಲಸಂಪನ್ಮೂಲಕ್ಕೆ, ಸಾರಿಗೆಗೆ ಪ್ರತ್ಯೇಕ ಸ್ಥಾಯಿ ಸಮಿತಿಗಳೂ ಇವೆ. 2017ರಿಂದ 2019ರವರೆಗೆ ಈ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿದ್ದವರು ಬೇರಾರೂ ಅಲ್ಲ, ಕಲಬುರಗಿಯ ಅಂದಿನ ಸಂಸದ ಮಲ್ಲಿಕಾರ್ಜುನ ಖರ್ಗೆಯವರು. ದೇಶದ ಲೆಕ್ಕ ಕೇಳುವ ಕುರ್ಚಿಯಲ್ಲಿ ನಮ್ಮೂರಿನ ಸಂಸದರು ಕುಳಿತಿದ್ದಾಗ ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತು? ಎಷ್ಟು ಸಂಘಟನೆಗಳು ಅವರಿಗೆ ಒಂದು ಪುಟದ ಮನವಿಯನ್ನಾದರೂ ಕಳಿಸಿದವು? ಅವರ ಮನೆಗೆ ವರ್ಗಾವಣೆಯ ಅರ್ಜಿ ಹಿಡಿದು ಹೋದವರು ಸಾಕಷ್ಟು ಇದ್ದಿರಬಹುದು. ಲೆಕ್ಕದ ಪ್ರಶ್ನೆ ಹಿಡಿದು ಹೋದವರ ಸಂಖ್ಯೆ ಬೆರಳೆಣಿಕೆಯನ್ನು ದಾಟಿರಲಾರದು.

2018ರಲ್ಲಿ, ಅದೇ ಅವಧಿಯಲ್ಲಿ, ಮಹಾಲೇಖಪಾಲರು ಗ್ರಾಮೀಣ ಕುಡಿಯುವ ನೀರಿನ ರಾಷ್ಟ್ರೀಯ ಕಾರ್ಯಕ್ರಮದ ತಪಾಸಣಾ ವರದಿ ಸಲ್ಲಿಸಿದರು. 2012ರಿಂದ 2017ರವರೆಗೆ ಐದು ವರ್ಷಗಳಲ್ಲಿ ಖರ್ಚಾದ ಹಣ 81,168 ಕೋಟಿ ರೂಪಾಯಿ. ತಲಾ 40 ಲೀಟರ್ ಪಡೆಯುವ ಜನವಸತಿಗಳ ಪ್ರಮಾಣ ಅದರಿಂದ ಏರಿದ್ದು ಶೇ. 8ರಷ್ಟು, 55 ಲೀಟರ್ ಪಡೆಯುವವುಗಳದ್ದು ಶೇ. 5.5ರಷ್ಟು ಮಾತ್ರ. ಮುಂದಿನ ವರ್ಷ, 2019ರ ಆಗಸ್ಟ್ 15ರಂದು, ಪ್ರತಿ ಹಳ್ಳಿಮನೆಗೂ ನಳ ಎಂಬ ಘೋಷಣೆಯೊಂದಿಗೆ ಜಲ ಜೀವನ್ ಮಿಷನ್ ಬಂತು. ಅದು ದೇಶದ ಕೋಟ್ಯಂತರ ಮನೆಗಳಿಗೆ ನಳ ತಂದಿದೆ, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ 2024ಕ್ಕೆ ಮುಗಿಯಬೇಕಿದ್ದ ಯೋಜನೆಯ ಗಡುವನ್ನು 2025ರ ಬಜೆಟಿನಲ್ಲಿ 2028ಕ್ಕೆ ಮುಂದೂಡಲಾಯಿತು. 2024-25ರ ಬಜೆಟಿನಲ್ಲಿ ಇದಕ್ಕೆಂದು ತೋರಿಸಿದ ಹಣ 70,163 ಕೋಟಿ. ವರ್ಷ ಮುಗಿಯುವ ಮುನ್ನ ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿದಿತ್ತು. ಮೂರರಲ್ಲಿ ಒಂದು ಪಾಲು! ಬಜೆಟ್ ದಿನ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ಮೊದಲ ಸಂಖ್ಯೆ. ಎರಡನೆಯ ಸಂಖ್ಯೆ ಒಳಪುಟಕ್ಕೂ ಸರಿಯಾಗಿ ಬರಲಿಲ್ಲ. ಕಮಲಾಪುರ ತಾಲೂಕಿನ ಹಳ್ಳಿಯಲ್ಲಿ ಮನೆಯ ಮುಂದೆ ನಳ ನೆಟ್ಟಿದ್ದಾರೆ, ನೀರು ಮಾತ್ರ ಬಂದಿಲ್ಲ ಎನ್ನುವ ಅಜ್ಜಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರ ಏನೆಂದು ಯಾರೂ ಹೇಳಿಲ್ಲ. ಹೇಳಿದ್ದರೆ ಆಕೆ ನಳವನ್ನು ಶಪಿಸುತ್ತಿರಲಿಲ್ಲ.

ಅಳತೆ ಮತ್ತು ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ತಾವು ಪಡೆಯುವಾಗ ಪೂರ್ಣ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರನ್ನು ಅದು ಎಚ್ಚರಿಸುತ್ತದೆ. ನಾವು ಆ ಅಧ್ಯಾಯವನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸಿ ಸುಮ್ಮನಾಗಿದ್ದೇವೆ. ತೆರಿಗೆಯನ್ನು ಕೊನೆಯ ಪೈಸೆಯವರೆಗೆ ಎಳೆದುಕೊಂಡು, ಸೇವೆಯನ್ನು ಮೂರನೇ ಒಂದು ಪಾಲು ಮಾತ್ರ ಅಳೆದುಕೊಡುವ ಆಡಳಿತಕ್ಕೆ ಅದು ಅನ್ವಯಿಸುವುದಿಲ್ಲವೇ?

ಹಾಗಾದರೆ ಸಂಸತ್ತು ಏನು ಮಾಡುತ್ತಿದೆ? 2023ರ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿಗಳ ಬಜೆಟನ್ನು ಚರ್ಚೆಯಿಲ್ಲದೆ, ನಿಮಿಷಗಳಲ್ಲಿ ಅಂಗೀಕರಿಸಿತು. ರೈಲ್ವೆಯ ಹಣವೂ ನೀರಿನ ಹಣವೂ ಅದರೊಳಗೇ ಇತ್ತು. ಹೀಗೆ ಒಂದೇ ಏಟಿಗೆ ಎಲ್ಲ ಬೇಡಿಕೆಗಳನ್ನು ಮತಕ್ಕೆ ಹಾಕುವುದಕ್ಕೆ ಗಿಲೋಟಿನ್ ಎನ್ನುತ್ತಾರೆ. ಅದು ಫ್ರಾನ್ಸಿನಲ್ಲಿ ತಲೆ ಕಡಿಯುತ್ತಿದ್ದ ಯಂತ್ರದ ಹೆಸರು. ಆ ದಿನಗಳಲ್ಲಿ ಆಡಳಿತ ಪಕ್ಷದವರು ರಾಹುಲ್ ಗಾಂಧಿ ಕ್ಷಮೆ ಕೇಳಲಿ ಎಂದು, ವಿರೋಧ ಪಕ್ಷದವರು ಅದಾನಿ ವಿಷಯದಲ್ಲಿ ಜಂಟಿ ಸಂಸದೀಯ ತನಿಖೆಯಾಗಲಿ ಎಂದು ಕೂಗುತ್ತಿದ್ದರು. ಕೂಗಿದ್ದು ಎರಡೂ ಕಡೆಯವರು, ಹೊಡೆತ ಬಿದ್ದದ್ದು ನಮ್ಮ ನಳಕ್ಕೆ, ನಮ್ಮ ರೈಲಿಗೆ. 2018ರಲ್ಲೂ ಇದೇ ನಡೆದಿತ್ತು. ಮೊದಲ ಲೋಕಸಭೆ ಐದು ವರ್ಷಗಳಲ್ಲಿ 677 ದಿನ ಸೇರಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಸೇರಿದ್ದು 274 ದಿನ. ಸಂಸತ್ತಿನ ಬಾಗಿಲು ತೆರೆದಿರುವುದೇ ಕಡಿಮೆಯಾದಾಗ ಮಂತ್ರಿಯನ್ನು ಪ್ರಶ್ನಿಸುವುದು ಯಾವಾಗ?

ರಾಜ್ಯದ ಸ್ಥಿತಿಯೂ ಬೇರೆಯಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಕರ್ನಾಟಕದ ಶಾಸಕರೇ ಕಾನೂನು ಮಾಡಿದರು. ಅದನ್ನು ಪಾಲಿಸುವುದು ಮಾತ್ರ ಅವರಿಗೆ ಅಭ್ಯಾಸವಾಗಲಿಲ್ಲ. ನಮ್ಮ ಭಾಗಕ್ಕೆ ಸಂಬಂಧಿಸಿ ಇದು ಇನ್ನೂ ಗಂಭೀರ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ ಆಗಿದ್ದವು. ದಶಕಗಳ ಹೋರಾಟದ ಬಳಿಕ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371 ಜೆ ವಿಧಿ ಬಂತು. ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿಯಿಂದಾಗಿ ಈ ವಿಧಿ ಮನೆಮಾತಾಗಿದೆ. ಅದರ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಯ ಮುಂದೆ ನಿಲ್ಲದ ಮನೆಯಿಲ್ಲ. ಆದರೆ ಅದೇ ವಿಧಿಯ ಮೊದಲ ಮಾತನ್ನು ನಾವು ಓದಿಯೇ ಇಲ್ಲ. ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು ಮತ್ತು ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂಬುದು ಅಲ್ಲಿನ ನಿಯಮ. ಅಂದರೆ ನಮಗೆ ಸಿಕ್ಕಿದ್ದು ಅನುದಾನ ಮಾತ್ರವಲ್ಲ, ಲೆಕ್ಕ ಕೇಳುವ ಸಾಂವಿಧಾನಿಕ ಹಕ್ಕು. ಮಂಡಳಿಗೆ 2022-23ರಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯ ದಿನ ಸಂಭ್ರಮಿಸಿದ ನಾವು ಅದರಲ್ಲಿ ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು, ಆ ಖರ್ಚಿನಲ್ಲಿ ಕುಡಿಯುವ ನೀರಿನ ಪಾಲು ಎಷ್ಟು, ಸಮುದಾಯ ಭವನಗಳ ಪಾಲು ಎಷ್ಟು ಎಂದು ಕೇಳಲಿಲ್ಲ. ವರದಿ ಮೇಜಿನ ಮೇಲೆ ಇಡಲ್ಪಟ್ಟರೆ ಸಾಲದು, ಅದರ ಮೇಲೆ ಚರ್ಚೆಯಾಗಬೇಕು.

ಬಸ್ಸಿನ ವಿಷಯದಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಆಸರೆಯಾಯಿತು. ಬಸ್ ದರಕ್ಕೆ ಹೆದರಿ ಕಾಲೇಜು ಬಿಟ್ಟಿದ್ದವರು ಮತ್ತೆ ಹೊರಟರು, ಆಸ್ಪತ್ರೆಗೆ ಹೋಗಲು ಗಂಡನ ಜೇಬು ಕಾಯುತ್ತಿದ್ದವರು ತಾವೇ ಬಸ್ ಹತ್ತಿದರು. ಅದನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರ ಜೊತೆ ನಾವಿಲ್ಲ. ಆದರೆ ಕಂಡಕ್ಟರ್ ಕೊಡುವ ಆ ಶೂನ್ಯ ಟಿಕೆಟ್ ಉಚಿತವಲ್ಲ. ಅದು ಸಾರಿಗೆ ಸಂಸ್ಥೆ ಸರಕಾರಕ್ಕೆ ಬರೆದ ಒಂದು ಚೀಟಿ. ಸರಕಾರ ಆ ಚೀಟಿಗೆ ಸಕಾಲದಲ್ಲಿ ಪೂರ್ತಿ ಹಣ ತುಂಬಿದರೆ ಮಾತ್ರ ಬಸ್ ಓಡುತ್ತದೆ. 2000ದ ಆಗಸ್ಟ್ 15ರಂದು ಗುಲ್ಬರ್ಗಾದಲ್ಲಿ ಆರಂಭವಾಗಿ 2021ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಪಡೆದ ನಮ್ಮ ಸಂಸ್ಥೆಯೂ ಸೇರಿ ರಾಜ್ಯದ ನಾಲ್ಕು ಸಾರಿಗೆ ಸಂಸ್ಥೆಗಳು ಭವಿಷ್ಯನಿಧಿ ಮತ್ತು ಡೀಸೆಲ್ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಬೇಕಾದ ಸ್ಥಿತಿ 2025ರ ಜನವರಿಯಲ್ಲಿ ಬಂತು. ಅದೇ ತಿಂಗಳ 5ರಿಂದ ಬಸ್ ದರ ಶೇ. 15ರಷ್ಟು ಏರಿತು. 2025ರ ಆಗಸ್ಟ್ 5ರಂದು ವೇತನ ಬಾಕಿಗಾಗಿ ನೌಕರರು ಮುಷ್ಕರ ಹೂಡಿದರು. ಹೆಂಡತಿಗೆ ಉಳಿದ ಹಣ ಗಂಡನ ಟಿಕೆಟಿನಲ್ಲಿ ಹೋದರೆ, ಬಸ್ಸಿನ ಸಂಖ್ಯೆ ಸಾಲದೆ ಹುಡುಗಿ ಬಾಗಿಲಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗಬೇಕಾದರೆ, ಯೋಜನೆಯನ್ನು ಪ್ರೀತಿಸುವವರೇ ಮೊದಲು ಲೆಕ್ಕ ಕೇಳಬೇಕು. ಲೆಕ್ಕ ಕೇಳುವುದು ಯೋಜನೆಯನ್ನು ಕೊಲ್ಲಲಿಕ್ಕಲ್ಲ, ಉಳಿಸಲಿಕ್ಕೆ.

ಇಲ್ಲಿ ನಮ್ಮ ಸಮುದಾಯದೊಳಗಿನ ಒಂದು ವಾದವನ್ನು ಎದುರಿಸಲೇಬೇಕು. ಕೋಮುವಾದಿ ಶಕ್ತಿಗಳು ಬಾಗಿಲಲ್ಲಿ ನಿಂತಿರುವಾಗ ನಮಗೆ ಅನುಕೂಲವಾಗಿರುವವರನ್ನು ಪ್ರಶ್ನಿಸಿ ದುರ್ಬಲಗೊಳಿಸಬಾರದು ಎಂಬುದು ಆ ವಾದ. ಭಯದಿಂದ ಹುಟ್ಟಿದ ವಾದ ಇದು, ಭಯಕ್ಕೆ ಕಾರಣಗಳೂ ಇವೆ. ಆದರೆ ಇದರ ಫಲವೇನು? ನಮ್ಮ ಮತ ಹೇಗೂ ಬರುತ್ತದೆ ಎಂದು ಒಬ್ಬರಿಗೆ ಖಾತ್ರಿ, ಹೇಗೂ ಬರುವುದಿಲ್ಲ ಎಂದು ಇನ್ನೊಬ್ಬರಿಗೆ ಖಾತ್ರಿ. ಇಬ್ಬರಿಗೂ ನಮ್ಮ ಮೊಹಲ್ಲಾದಲ್ಲಿ ಕೊಳವೆ ಹಾಕುವ ಅವಸರ ಇಲ್ಲ. ಉರುಸಿಗೆ ಬಂದು ಚಾದರ ಹೊದಿಸಿ, ಇಫ್ತಾರ್‌ನಲ್ಲಿ ಟೋಪಿ ಧರಿಸಿ ಫೋಟೋ ತೆಗೆಸಿಕೊಂಡರೆ ಬಾಕಿ ಚುಕ್ತಾ ಆಗುತ್ತದೆ. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂಲ ಸೌಕರ್ಯಗಳ ಕೊರತೆಯನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತು. ಆ ಬಳಿಕ ನಾವು ಆ ವರದಿಯನ್ನು ಭಾಷಣಗಳಲ್ಲಿ ಉಲ್ಲೇಖಿಸಿದಷ್ಟು ಸಲ ವಾರ್ಡಿನ ಕಾಮಗಾರಿ ಪಟ್ಟಿಯನ್ನು ಬಿಡಿಸಿ ನೋಡಲಿಲ್ಲ.

ಖಲೀಫಾ ಹ. ಉಮರ್(ರ) ಮಿಂಬರ್ ಮೇಲೆ ನಿಂತಿದ್ದಾಗ, ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಸಿಕ್ಕಿರುವಾಗ ನಿಮ್ಮ ಮೈಮೇಲೆ ಎರಡು ತುಂಡು ಹೇಗೆ ಬಂತು ಎಂದು ಸಭೆಯಿಂದ ಒಬ್ಬರು ಕೇಳಿದ ಘಟನೆಯನ್ನು ನಾವು ಮದ್ರಸಾದ ಮಕ್ಕಳಿಗೆ ಕಲಿಸುತ್ತೇವೆ. ಮಗ ಅಬ್ದುಲ್ಲಾ ಎದ್ದುನಿಂತು, ನನ್ನ ಪಾಲಿನ ತುಂಡನ್ನು ತಂದೆಗೆ ಕೊಟ್ಟೆ ಎಂದು ಲೆಕ್ಕ ಒಪ್ಪಿಸಿದ ಮೇಲಷ್ಟೇ ಸಭೆ ಮುಂದುವರಿಯಿತು. ಆಗ ರೋಮನ್ ಮತ್ತು ಪಾರಸಿಕ ಸಾಮ್ರಾಜ್ಯಗಳು ಎದುರಿಗಿದ್ದವು. ಶತ್ರುಗಳು ಬಾಗಿಲಲ್ಲಿರುವಾಗ ಖಲೀಫರನ್ನು ಪ್ರಶ್ನಿಸಬಾರದು ಎಂದು ಆ ಸಭೆಯಲ್ಲಿ ಯಾರೂ ವಾದಿಸಲಿಲ್ಲ. ಪ್ರಶ್ನಿಸಿದ್ದರಿಂದ ಖಿಲಾಫತ್ ದುರ್ಬಲವಾಗಲೂ ಇಲ್ಲ. ಇದನ್ನು ಕಲಿಸುವ ನಾವು ಕಾರ್ಪೊರೇಟರ್ ಮುಂದೆ ಬಾಯಿ ಬಿಡಲು ಹೆದರುತ್ತೇವೆಂದರೆ, ಕಲಿಸಿದ್ದು ಪರೀಕ್ಷೆಗಾಗಿ ಮಾತ್ರ ಎಂದಾಯಿತು.

ಇತರರ ಲೆಕ್ಕ ಕೇಳುವ ಮುನ್ನ ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ವರ್ಷದ ಜಮಾ-ಖರ್ಚನ್ನು ಬಾಗಿಲ ಬಳಿಯ ಫಲಕದಲ್ಲಿ ಅಂಟಿಸುವ ಮಸೀದಿಗಳು ನಮ್ಮಲ್ಲಿ ಎಷ್ಟಿವೆ? ವಕ್ಫ್ ಅಂಗಡಿಗಳ ಬಾಡಿಗೆ ಎಷ್ಟು ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಯುವಕನನ್ನು ಫಿತ್ನಾ ಹುಟ್ಟಿಸುವವನು ಎಂದು ಮೂಲೆಗುಂಪು ಮಾಡುವ ಕಮಿಟಿಗಳು ಇಲ್ಲವೇ? ಹರಿಯುವ ನದಿಯ ದಂಡೆಯಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ನಮ್ಮ ಹೌಝ್‌ಗಳ ನಳಗಳು ಪೂರ್ತಿ ತೆರೆದೇ ಇರುತ್ತವೆ. ಮದೀನಾದಲ್ಲಿ ನೀರು ಮಾರಾಟವಾಗುತ್ತಿದ್ದಾಗ ಹ. ಉಸ್ಮಾನ್(ರ) ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ನೀರು ಸಾರ್ವಜನಿಕ ಹಕ್ಕು ಎಂಬ ಪಾಠವನ್ನು ನಾವು ಹೊಸದಾಗಿ ಯಾರಿಂದಲೂ ಕಲಿಯಬೇಕಿಲ್ಲ. ತನ್ನ ಮಸೀದಿಯ ಲೆಕ್ಕ ಕೇಳದ ಸಮುದಾಯ ಸಂಸತ್ತಿನ ಲೆಕ್ಕ ಕೇಳಲು ಧ್ವನಿ ಎತ್ತಿದರೆ ಆ ಧ್ವನಿಗೆ ಬಲವಿರುವುದಿಲ್ಲ.

ಇನ್ನು ಮಾಡಬೇಕಾದುದೇನು? ಇದು ರಸ್ತೆ ತಡೆದು, ಟೈರ್ ಸುಟ್ಟು ಮಾಡುವ ಕೆಲಸವಲ್ಲ. ಕಾಗದ ಮತ್ತು ತಾಳ್ಮೆಯಿಂದ ಮಾಡುವ ಕೆಲಸ. ಲೋಕಸಭೆಯಲ್ಲಿ ದಿನವೊಂದಕ್ಕೆ ಮಂತ್ರಿಗಳು ಎದ್ದುನಿಂತು ಉತ್ತರಿಸಬೇಕಾದ 20 ಪ್ರಶ್ನೆಗಳು, ಲಿಖಿತ ಉತ್ತರದ 230 ಪ್ರಶ್ನೆಗಳು ಪಟ್ಟಿಯಾಗುತ್ತವೆ. ಬೀದರ್-ಕಲಬುರಗಿ ಮಾರ್ಗದಲ್ಲಿ ಕಮಲಾಪುರದಲ್ಲಿ ನಿಲ್ಲುವ ರೈಲುಗಳನ್ನು ಹೆಚ್ಚಿಸಲು ಏನು ಅಡ್ಡಿ, ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದ ಪಾಲು ಯಾವ ವರ್ಷ ಎಷ್ಟು ಬಿಡುಗಡೆಯಾಯಿತು ಎಂಬ ಪ್ರಶ್ನೆಗಳನ್ನು ಬರೆದು ಸಂಸದರ ಕೈಗೆ ಕೊಡೋಣ. ಕೇಳಿದರೋ ಇಲ್ಲವೋ ಎಂಬುದನ್ನು ಅಧಿವೇಶನ ಮುಗಿದ ಮೇಲೆ ವಿಚಾರಿಸೋಣ. 371 ಜೆ ಪ್ರಕಾರದ ವರದಿ ಯಾವ ದಿನ ಸದನಕ್ಕೆ ಬಂತು, ಅದರ ಮೇಲೆ ನೀವು ಏನು ಮಾತಾಡಿದಿರಿ ಎಂದು ಶಾಸಕರನ್ನು ಕೇಳೋಣ. ಶೂನ್ಯ ಟಿಕೆಟಿನ ಹಣ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ಕೇಳೋಣ. ಸಂಸತ್ತಿನಲ್ಲೂ ವಿಧಾನ ಮಂಡಲದಲ್ಲೂ ಅರ್ಜಿಗಳ ಸಮಿತಿ ಇದೆ. ಸಾಮಾನ್ಯ ನಾಗರಿಕನೂ ಅದಕ್ಕೆ ಬರೆಯಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು, 30 ದಿನಗಳಲ್ಲಿ ಉತ್ತರ ಬರಬೇಕು. ಕಲಬುರಗಿ ಪಾಲಿಕೆಯ 55 ವಾರ್ಡುಗಳಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ಮನೆಗೆ ಹೊಸ ನಳ ಬಂದಿದೆ, ಎಷ್ಟು ಹೊತ್ತು ನೀರು ಬರುತ್ತದೆ ಎಂಬ ಪಟ್ಟಿಯನ್ನು ತರಿಸಿ ಮಸೀದಿ, ಮಂದಿರ, ಚರ್ಚುಗಳ ಫಲಕದಲ್ಲಿ ಅಂಟಿಸೋಣ. ನೀರಿಗೆ ಜಾತಿ-ಮತ ಇಲ್ಲ. ನಮ್ಮ ಮೊಹಲ್ಲಾದ ಪಕ್ಕದ ದಲಿತ ಕೇರಿಯಲ್ಲೂ ಕೊಡಗಳ ಸಾಲು ಇದೆ. ಈ ಲೆಕ್ಕವನ್ನು ನಾವು ನಮಗೊಬ್ಬರಿಗಾಗಿ ಅಲ್ಲ, ಅವರ ಜೊತೆ ನಿಂತು, ಅವರಿಗಾಗಿಯೂ ಕೇಳಬೇಕು.

ಖತೀಬರಲ್ಲಿ ಒಂದು ವಿನಂತಿ. ಮುಂದಿನ ಜುಮಾ ಖುತ್ಬಾದಲ್ಲಿ ಪರಲೋಕದ ಹಿಸಾಬಿನ ಜೊತೆಗೆ ಇಹಲೋಕದ ಹಿಸಾಬಿನ ಬಗ್ಗೆಯೂ ಹತ್ತು ನಿಮಿಷ ಮಾತಾಡಿ. ಒಂದು ದಿನ ನಮ್ಮೆಲ್ಲರ ಲೆಕ್ಕವನ್ನೂ ಕೇಳಲಾಗುವುದು ಎಂದು ನಂಬಿರುವ ಸಮುದಾಯ ಇದು. ಆ ದಿನ, ನಿನಗೆ ಕೇಳುವ ಅವಕಾಶ ಇದ್ದಾಗ, ನಿನ್ನ ನೆರೆಮನೆಯ ಹೆಂಗಸು ಮಧ್ಯರಾತ್ರಿ ಎದ್ದು ನೀರಿಗೆ ಕಾಯುತ್ತಿದ್ದಾಗ, ನೀನೇಕೆ ಕೇಳಲಿಲ್ಲ ಎಂಬ ಪ್ರಶ್ನೆ ಎದುರಾದರೆ ನಮ್ಮಲ್ಲಿ ಉತ್ತರವಿದೆಯೇ?